ನಮ್ಮೂರಲ್ಲಿ ನೋಡುವಂಥದ್ದೇನಿದೆ?

ಪರಊರಿನಿಂದ ಬಂದ ನೆಂಟರು ಎರಡನೆಯ ದಿನ ಚಹದ ಬಟ್ಟಲು ಕೆಳಗಿಡುತ್ತ ಕೇಳುವ ಒಂದು ಪ್ರಶ್ನೆ ಇದೆ: 'ನಿಮ್ಮೂರಾಗ ನೋಡೂವಂಥಾದ್ದು ಏನೈತ್ರಿ?' ಧಾರವಾಡದ ಯಾವ ಮನೆಯಲ್ಲಿ ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ. 'ದಾಂಡೇಲಿ ಹತ್ತರ ಐತ್ರಿ. ಗೋಕರ್ಣಕ್ಕ ನಸುಕಿನ್ಯಾಗ ಬಿಟ್ರ ಊಟದ ಹೊತ್ತಿಗೆ ಮುಟ್ಟಬಹುದು. ಬಾದಾಮಿ, ಐಹೊಳಿನೂ ಒಂದ ದಿನದ ದಾರಿ.' ಊರಲ್ಲಿ ಏನಿದೆ ಎಂದು ಕೇಳಿದರೆ ಊರಿನ ಹೊರಗೆ ಏನಿದೆ ಎಂದು ಹೇಳುತ್ತೇವೆ. ಧಾರವಾಡದವರ ಮಾತಷ್ಟೇ ಅಲ್ಲ ಇದು. ಹಾವೇರಿ, ದಾವಣಗೆರೆ, ತುಮಕೂರು, ಕೊಪ್ಪಳದವರೂ ಹೀಗೆಯೇ ಬೆರಳನ್ನು ಊರಾಚೆಗೆ ತೋರಿಸುತ್ತಾರೆ. ಕಡಲಿಲ್ಲ, ಜಲಪಾತವಿಲ್ಲ, ಅರಮನೆಯಿಲ್ಲ ಎಂದಮೇಲೆ ತಮ್ಮ ಊರಿಗೆ ಯಾರಾದರೂ ಯಾಕೆ ಬಂದಾರು ಎಂಬ ಅಳುಕು ಒಳನಾಡಿನ ಊರುಗಳಿಗೆಲ್ಲ ಇದೆ.

ಪುಸ್ತಕವನ್ನು ವಿಮರ್ಶೆ ಮಾಡುತ್ತೇವೆ, ನಾಟಕವನ್ನು ಮಾಡುತ್ತೇವೆ, ಸೊಸೆ ಮಾಡಿದ ಸಾರನ್ನೂ ಬಿಡುವುದಿಲ್ಲ. ಊರನ್ನು ಮಾತ್ರ ಒಂದೋ ಹೊಗಳುತ್ತೇವೆ, ಇಲ್ಲವೇ ಬೈಯುತ್ತೇವೆ. ವಿಮರ್ಶೆ ಎಂದರೆ ಇವೆರಡಕ್ಕೂ ಬೇರೆಯಾದದ್ದು. ಈ ಊರಿಗೆ ಹಿಂದೆ ಜನ ಏಕೆ ಬಂದರು, ಬಂದವರು ಏಕೆ ಉಳಿದರು, ಈಗ ಬರುವವರು ಏಕೆ ಉಳಿಯುತ್ತಿಲ್ಲ ಎಂದು ಕೇಳಿಕೊಳ್ಳುವುದೇ ಅದರ ಕೆಲಸ. ನಾನು ಧಾರವಾಡವನ್ನು ಆರಿಸಿಕೊಂಡದ್ದು ನನಗೆ ಆ ಊರು ಚೆನ್ನಾಗಿ ಗೊತ್ತಿದೆ ಎಂಬ ಕಾರಣಕ್ಕೆ. ಓದುವವರು ತಮ್ಮ ಊರಿನ ಹೆಸರನ್ನು ಅಲ್ಲಿ ಇಟ್ಟುಕೊಂಡು ಓದಿದರೂ ಅಡ್ಡಿಯಿಲ್ಲ.

ಧಾರವಾಡ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಹೊಸ್ತಿಲು. ಪಶ್ಚಿಮಕ್ಕೆ ನಡೆದರೆ ಕೆಮ್ಮಣ್ಣು, ಪೂರ್ವಕ್ಕೆ ನಡೆದರೆ ಎರೆ ಭೂಮಿ. ಹವೆ ಹಿತವಾದದ್ದು ನಿಜ, ಆದರೆ ಬರೀ ಹವೆ ಕುಡಿದು ಯಾರೂ ಬದುಕುವುದಿಲ್ಲ. ಜನರನ್ನು ಇಲ್ಲಿಗೆ ಎಳೆದದ್ದು ಊರಿನವರು ಕೂಡಿ ಕಟ್ಟಿಕೊಂಡ ಸಂಸ್ಥೆಗಳು. ರಾ. ಹ. ದೇಶಪಾಂಡೆಯವರು ಮುಂದಾಗಿ 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿಸಿದಾಗ ಈ ಭಾಗ ಮುಂಬಯಿ ಪ್ರಾಂತದಲ್ಲಿತ್ತು, ಕಚೇರಿ ಶಾಲೆಗಳಲ್ಲಿ ಮರಾಠಿಯದೇ ಜೋರು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. 1949ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಇಲ್ಲಿಗೆ ಬಂದು ನೆಲೆನಿಂತಿತು. 1950ರಲ್ಲೇ ಆಕಾಶವಾಣಿಯೂ ಶುರುವಾಯಿತು. ಓದುವುದಕ್ಕೆಂದು ಬಂದ ಹಳ್ಳಿ ಹುಡುಗರಿಗೆ ಕಲಿಯಲು ಕಾಲೇಜು, ಕೇಳಲು ಹಾಡು, ಮಾತಾಡಲು ಜನ ಎಲ್ಲ ನಡೆದು ಮುಟ್ಟುವಷ್ಟು ದೂರದಲ್ಲಿ ಸಿಕ್ಕಿತು. ನಡೆದು ಮುಟ್ಟುವಷ್ಟು ದೂರ ಎಂಬ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟವನ್ನು ತೆಗೆದುಕೊಳ್ಳಿ. ಜಿ. ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಪ್ರಕಾಶನ. ಮೆಟ್ಟಿಲು ಹತ್ತಿ ಹೋದರೆ ಪುಸ್ತಕದ ರಾಶಿ, ಅದರ ನಡುವೆ ಹರಟೆ. ಇಂದಿನ ಲೆಕ್ಕದಲ್ಲಿ ಅಲ್ಲಿ 'ನೋಡುವಂಥದ್ದು' ಏನೇನೂ ಇರಲಿಲ್ಲ. ಆದರೆ ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ 'ಯಯಾತಿ'ಯನ್ನು 1961ರಲ್ಲಿ ಅಚ್ಚು ಹಾಕಿದ್ದು ಈ ಅಟ್ಟ. ಮಲೆನಾಡಿನ ಅನಂತಮೂರ್ತಿಯವರು ಇಂಗ್ಲೆಂಡಿನಲ್ಲಿ ಕುಳಿತು ಬರೆದ 'ಸಂಸ್ಕಾರ' 1965ರಲ್ಲಿ ಹೊರಬಂದದ್ದೂ ಇಲ್ಲಿಂದಲೇ. ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಅಲ್ಲಿ ಕೂತಿರುತ್ತಿದ್ದರು. ಹೆಸರಿಲ್ಲದ ಹುಡುಗನೊಬ್ಬ ಕೈಬರಹದ ಕಟ್ಟು ಹಿಡಿದು ಹೋದರೆ ಓದಿ ನೋಡುವವರು ಇದ್ದರು ಎಂಬುದೇ ಆ ಊರಿನ ಆಕರ್ಷಣೆ. ತರುಣರನ್ನು ಒಂದು ಊರು ಸೆಳೆಯುವುದು ಹೀಗೆ. ನಿನ್ನ ಮಾತನ್ನು ಕೇಳುತ್ತೇವೆ ಎಂದು ಅದು ಹೇಳಬೇಕು.

ಇನ್ನೊಂದು ಸಂಗತಿ ಇದೆ. ಧಾರವಾಡ ಎಂದೊಡನೆ ಯಾರ ಬಾಯಲ್ಲೂ ಬರುವುದು ಪೇಢೆ. ಆ ಪೇಢೆಯನ್ನು ತಂದವರು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನಿಂತ ಠಾಕೂರ ಮನೆತನದವರು. ಸಾಧನಕೇರಿಯ ಬೇಂದ್ರೆಯವರ ಮನೆಮಾತು ಮರಾಠಿ. ಮಲ್ಲಿಕಾರ್ಜುನ ಮನಸೂರರು ಹತ್ತಿರದ ಹಳ್ಳಿಯಿಂದ ಬಂದವರು. ಅಂದಮೇಲೆ ಊರಿನ ಹೆಮ್ಮೆ ಎಂದು ನಾವು ಎಣಿಸುವ ಬಹುಪಾಲು ಹೊರಗಿನಿಂದ ಬಂದು ಇಲ್ಲಿ ಬೇರುಬಿಟ್ಟದ್ದು. ಬಂದವರನ್ನು ತನ್ನವರೆಂದು ಇಟ್ಟುಕೊಳ್ಳುವ ಗುಣ ಊರಿಗೆ ಇತ್ತು. ನೆಂಟರಿಗೂ ತರುಣರಿಗೂ ಬೇಕಾದದ್ದು ಒಂದೇ ಎಂದು ನಾನು ಹೇಳುವುದು ಇದಕ್ಕೇ. ಒಬ್ಬರಿಗೆ ಎರಡು ದಿನದ ಮಟ್ಟಿಗೆ ಬೇಕು, ಇನ್ನೊಬ್ಬರಿಗೆ ಇಪ್ಪತ್ತು ವರ್ಷಕ್ಕೆ ಬೇಕು, ಅಷ್ಟೇ ವ್ಯತ್ಯಾಸ.

ಇಲ್ಲಿಯವರೆಗೆ ಬರೆದದ್ದನ್ನು ಒಮ್ಮೆ ತಿರುಗಿ ಓದಿ. ಎಲ್ಲ ಗಂಡಸರ ಹೆಸರೇ. ಅಟ್ಟ ಹತ್ತಿದವರು ಗಂಡಸರು, ಬೇಂದ್ರೆಯವರ ಗೆಳೆಯರ ಗುಂಪಿನವರು ಗಂಡಸರು. ಬಡ ಹುಡುಗರಿಗೆ ವಾರಾನ್ನವೆಂಬ ಪದ್ಧತಿ ಇತ್ತು: ದಿನಕ್ಕೊಂದು ಮನೆಯ ಊಟ, ಹಾಗೆ ವಾರ ಕಳೆಯುವುದು. ಅದೂ ಜಾತಿ ನೋಡಿಯೇ. ಮುರುಘಾಮಠದಂಥ ಮಠಗಳು ಉಚಿತ ಪ್ರಸಾದನಿಲಯ ತೆರೆದ ಮೇಲೆ ಸಾವಿರಾರು ಹಳ್ಳಿ ಮಕ್ಕಳಿಗೆ ಓದು ದಕ್ಕಿತು. ಆದರೆ ವಾರಾನ್ನ ಉಂಡು ಓದಿದ ಹುಡುಗಿಯ ಕಥೆಯನ್ನು ನೀವು ಕೇಳಿದ್ದೀರಾ? ಹುಡುಗಿಗೆ ಊರಿನಲ್ಲಿ ನೆಂಟರ ಮನೆ ಇದ್ದರೆ ಕಾಲೇಜು, ಇಲ್ಲದಿದ್ದರೆ ಮದುವೆ. 1962ರಲ್ಲಿ ಧಾರವಾಡದಿಂದಲೇ ಲೋಕಸಭೆಗೆ ಆರಿಸಿ ಹೋದ ಸರೋಜಿನಿ ಮಹಿಷಿಯವರಂಥವರು ಇದ್ದರು ಎಂದು ಯಾರಾದರೂ ಹೇಳಬಹುದು. ಇದ್ದರು, ಹೆಮ್ಮೆಯೇ. ಒಂದು ಊರನ್ನು ಅಳೆಯುವುದು ಮಾತ್ರ ಬೆರಳೆಣಿಕೆಯ ಅಸಾಮಾನ್ಯರಿಂದ ಅಲ್ಲ.

ಅಸಾಮಾನ್ಯರ ಕಥೆಯಾದರೂ ಸುಖದ್ದೇ? ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಒಳ್ಳೆಯ ಹಾಡುಗಾರ್ತಿ. ಹಾಡುವವಳ ಮಗಳೆಂದು ಬಾಲ್ಯದಲ್ಲಿ ಈ ಊರಿನ ಓಣಿಯಲ್ಲಿ ಉಂಡ ಅಪಮಾನವನ್ನು ಗಂಗೂಬಾಯಿಯವರು ಕೊನೆಯವರೆಗೂ ನೆನೆಯುತ್ತಿದ್ದರು. ಮುಂದೆ ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು, ದೇಶ ಮೆಚ್ಚುವ ಗಾಯಕಿಯಾದರು, 2009ರಲ್ಲಿ ತೀರಿಕೊಂಡರು. ಈಗ ಅವರ ಭಾವಚಿತ್ರವಿಲ್ಲದ ಸಂಗೀತ ಸಭೆ ನಮ್ಮ ಕಡೆ ಇಲ್ಲ. ಬರುವ ಅತಿಥಿಗೆ ಭಾವಚಿತ್ರ ತೋರಿಸುವಾಗ ಆ ಓಣಿಯ ಮಾತನ್ನೂ ಹೇಳಬೇಕು. ಹೇಳಿದರೆ ಊರಿನ ಮರ್ಯಾದೆ ಕಡಿಮೆಯಾಗುವುದಿಲ್ಲ. ಹೇಳದೆ ಮುಚ್ಚಿಟ್ಟ ಊರು ಆ ಪಾಠವನ್ನು ಮತ್ತೊಬ್ಬ ಹುಡುಗಿಯ ಮೇಲೆ ಮತ್ತೆ ಕಲಿಯುತ್ತದೆ.

ಇನ್ನು ಇಂದಿನ ಮಾತು. ತರುಣರು ಧಾರವಾಡಕ್ಕೆ ಬರುವುದನ್ನು ಬಿಟ್ಟಿಲ್ಲ, ಹಿಂದಿಗಿಂತ ಹೆಚ್ಚೇ ಬರುತ್ತಿದ್ದಾರೆ. ಸಪ್ತಾಪುರದ ಕಡೆ ಒಂದು ಸಂಜೆ ನಡೆದು ನೋಡಿ. ಸ್ಪರ್ಧಾ ಪರೀಕ್ಷೆಗಳ ತರಬೇತಿ ಕೇಂದ್ರ, ಅದರ ಪಕ್ಕ ಪಿ.ಜಿ., ಅದರ ಕೆಳಗೆ ಖಾನಾವಳಿ, ಎದುರಿಗೆ ಜೆರಾಕ್ಸ್ ಅಂಗಡಿ, ಮೇಲೆ ತಿಂಗಳ ಬಾಡಿಗೆಯ ಓದುಕೋಣೆ. ವಿಜಯಪುರ, ಬಾಗಲಕೋಟೆ, ಕಲಬುರ್ಗಿ, ರಾಯಚೂರುಗಳಿಂದ ಬಂದ ಮಕ್ಕಳು ಕೆ.ಎ.ಎಸ್., ಪಿ.ಎಸ್.ಐ., ಪಿ.ಡಿ.ಒ. ಎನ್ನುತ್ತ ಬೆನ್ನಿಗೆ ಚೀಲ ಹಾಕಿಕೊಂಡು ಓಡಾಡುತ್ತಿರುತ್ತಾರೆ. ಹುಡುಗಿಯರೂ ಬಹಳ. ಇವರನ್ನು ಇಲ್ಲಿಗೆ ಕರೆತಂದದ್ದು ಬೆಂಗಳೂರಿಗಿಂತ ಅಗ್ಗದ ಕೋಣೆ, ಜೋಳದ ರೊಟ್ಟಿಯ ಊಟ, ತಮ್ಮದೇ ಮಾತಾಡುವ ಗೆಳತಿಯರು, ಮಗಳನ್ನು ಧಾರವಾಡಕ್ಕೆ ಕಳಿಸಿದರೆ ಹೆದರಿಕೆಯಿಲ್ಲ ಎಂಬ ತಾಯಂದಿರ ನಂಬಿಕೆ. ಈ ನಂಬಿಕೆಯನ್ನು ಯಾವ ಇಲಾಖೆಯೂ ಕೊಟ್ಟದ್ದಲ್ಲ. ಎರಡು ಮೂರು ತಲೆಮಾರಿನ ಗೃಹಿಣಿಯರು, ಮೇಷ್ಟ್ರುಗಳು, ಮನೆ ಬಾಡಿಗೆ ಕೊಟ್ಟ ಅಜ್ಜಿಯರು ಕೂಡಿ ಗಳಿಸಿಕೊಟ್ಟದ್ದು.

ಆದರೆ ಈ ಮಕ್ಕಳಿಗೆ ಊರು ಒಂದು ಕಾಯುವ ಕೋಣೆ. 2021ರ ಅಕ್ಟೋಬರಿನಲ್ಲಿ 545 ಪಿ.ಎಸ್.ಐ. ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ ಎರಡು ವರ್ಷದ ಮೇಲೆ ಮೂರು ತಿಂಗಳು. ಹೊಲದ ದುಡ್ಡಿನಲ್ಲಿ ಮಗಳ ಕೋಣೆಯ ಬಾಡಿಗೆ ಕಟ್ಟುವ ಮನೆಗೆ ಆ ಎರಡು ವರ್ಷ ಎಂದರೇನು ಎಂದು ನೀವೇ ಲೆಕ್ಕ ಹಾಕಿ. ಪಾಸಾದವರು ಬೇರೆ ಊರಿಗೆ ಹೋಗುತ್ತಾರೆ, ಆಗದವರು ತಮ್ಮ ಊರಿಗೆ ಮರಳುತ್ತಾರೆ. ನಾಲ್ಕಾರು ವರ್ಷ ಇಲ್ಲಿ ಕಳೆದ ಮೇಲೂ ಎಷ್ಟೋ ಮಕ್ಕಳು ಸಾಧನಕೇರಿ ನೋಡಿರುವುದಿಲ್ಲ. ವಿದ್ಯಾವರ್ಧಕ ಸಂಘದ ದತ್ತಿ ಉಪನ್ಯಾಸಗಳಿಗೆ ಟಿಕೇಟಿಲ್ಲ, ಯಾರು ಬೇಕಾದರೂ ಬಂದು ಕೂಡಬಹುದು. ಕೂಡುವವರಲ್ಲಿ ಹೆಚ್ಚಿನವರು ನಿವೃತ್ತರು. ಊರಿನಲ್ಲಿ ಹಾಡೂ ಇದೆ, ಮಾತೂ ಇದೆ, ತರುಣರೂ ಇದ್ದಾರೆ. ಮೂರೂ ಬೇರೆ ಬೇರೆ ಓಣಿಯಲ್ಲಿ ಬದುಕುತ್ತಿವೆ. ನಮ್ಮ ಊರಿನ ಮುಖ್ಯ ದೋಷ ನನಗೆ ಇದೇ ಎನ್ನಿಸುತ್ತದೆ.

ಸರಕಾರಗಳು ಊರಿಗೆ ಏನೂ ಕೊಟ್ಟಿಲ್ಲ ಎನ್ನುವಂತಿಲ್ಲ. 2016ರಲ್ಲಿ ಐ.ಐ.ಟಿ. ಬಂತು. ಅದರ ಹೊಸ ಆವರಣವನ್ನು ಪ್ರಧಾನಿಯವರು 2023ರ ಮಾರ್ಚ್ 12ರಂದು ಉದ್ಘಾಟಿಸಿದರು. ಅದೇ ದಿನ ಹುಬ್ಬಳ್ಳಿಯ ರೈಲು ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮೂ ಲೋಕಾರ್ಪಣೆಯಾಯಿತು. ಜಗತ್ತಿನಲ್ಲೇ ಉದ್ದವಾದದ್ದು ಎಂಬ ಕೀರ್ತಿ ಅದರದು. ಅದೇ ವರ್ಷ ಜೂನ್‌ನಲ್ಲಿ ಬೆಂಗಳೂರಿಗೂ ಧಾರವಾಡಕ್ಕೂ ವಂದೇ ಭಾರತ್ ರೈಲು ಓಡತೊಡಗಿತು. ಎಲ್ಲ ಒಳ್ಳೆಯದೇ. ಆದರೂ ಒಂದು ಸಂಶಯ ಕಾಡುತ್ತದೆ. ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮಿನ ಮೇಲೆ ನಿಂತ ನಮ್ಮ ಮಕ್ಕಳಲ್ಲಿ ಬರುವವರೆಷ್ಟು, ಹೋಗುವವರೆಷ್ಟು? ವೇಗದ ರೈಲು ಎರಡೂ ದಿಕ್ಕಿಗೆ ಓಡುತ್ತದೆ. ಯಾವ ದಿಕ್ಕಿನಲ್ಲಿ ಜನ ತುಂಬಿರುತ್ತಾರೆ ಎಂಬುದನ್ನು ನಿರ್ಧರಿಸುವುದು ಹಳಿಯಲ್ಲ, ಊರು.

ಕೊಟ್ಟವುಗಳಲ್ಲಿ ನಾನು ಮೆಚ್ಚುವುದು ಚಿಗರಿ ಬಸ್ಸನ್ನು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾಗಿ 2020ರ ಫೆಬ್ರವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆಯಾದ ಈ ಬಸ್ಸು ಹುಬ್ಬಳ್ಳಿ ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರ್ ತನ್ನದೇ ದಾರಿಯಲ್ಲಿ ಓಡುತ್ತದೆ. ಅದಕ್ಕಾಗಿ ರಸ್ತೆ ಬದಿಯ ಹಳೆಯ ಮರಗಳು ಉರುಳಿದವು, ಆ ನೆರಳು ಇನ್ನೂ ಮರಳಿಲ್ಲ, ರಸ್ತೆ ದಾಟುವುದೂ ಮುದುಕರಿಗೆ ಸುಲಭವಲ್ಲ. ದೂರುಗಳು ಇವೆ. ಆದರೂ ಸಂಜೆಯ ಹೊತ್ತು ಒಬ್ಬಳೇ ಹುಡುಗಿ ಬೆಳಕಿರುವ ನಿಲ್ದಾಣದಲ್ಲಿ ನಿಂತು, ಬಾಗಿಲು ಮುಚ್ಚುವ ಬಸ್ಸಿನಲ್ಲಿ ಕೂತು, ಹುಬ್ಬಳ್ಳಿಯ ಕೆಲಸ ಮುಗಿಸಿ ಮನೆಗೆ ಬರುತ್ತಾಳೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲವೆಂದಾದಾಗ, ಊರನ್ನೇ ನೋಡದ ಎಷ್ಟೋ ಗೃಹಿಣಿಯರು ಊರು ನೋಡಲು ಹೊರಟರು. ಪ್ರವಾಸಿ ಎಂದರೆ ಕ್ಯಾಮರಾ ಹಾಕಿಕೊಂಡ ವಿದೇಶಿಯನೇ ಆಗಬೇಕಿಲ್ಲ. ಬಸ್ಸಿನಿಂದಿಳಿದು 'ಬೇಂದ್ರೆ ಅಜ್ಜನ ಮನಿ ಎಲ್ಲಿ ಬರ್ತದ?' ಎಂದು ಕೇಳುವ ಸವದತ್ತಿ ಕಡೆಯ ಹೆಣ್ಣುಮಗಳೂ ಪ್ರವಾಸಿಯೇ.

ಆ ಹೆಣ್ಣುಮಗಳಿಗೆ ಬೇಕಾದದ್ದು ಏನು? ನೆರಳು, ಕುಡಿಯುವ ನೀರು, ಶುಚಿಯಾದ ಒಂದು ಶೌಚಾಲಯ, ದಾರಿ ಹೇಳುವ ಕನ್ನಡ ಫಲಕ. ಇವು ಯಾವ ಸೌಂದರ್ಯೀಕರಣದ ಯೋಜನೆಯಲ್ಲೂ ಮೊದಲ ಸಾಲಿಗೆ ಬರುವುದಿಲ್ಲ. ಮೊದಲು ಬರುವುದು ಬಣ್ಣದ ಕಾರಂಜಿ, ಸಿಮೆಂಟಿನ ಪ್ರಾಣಿಗಳು, 'ಐ ಲವ್' ಎಂದು ಊರಿನ ಹೆಸರು ಬರೆದ ದೊಡ್ಡ ಅಕ್ಷರಗಳು. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬಂತೆ ಆಯಿತು. ಮಾಲ್ ಒಂದು ಬಂದುಬಿಟ್ಟರೆ ತರುಣರು ಉಳಿಯುತ್ತಾರೆಂದು ವಾದಿಸುವವರೂ ಇದ್ದಾರೆ. ಬೆಂಗಳೂರಿನ ಮಾಲು ನೋಡಿದವಳು ಅದರ ಸಣ್ಣ ನಕಲಿಗಾಗಿ ಇಲ್ಲಿ ಏಕೆ ಉಳಿದಾಳು?

ನಮ್ಮ ಕಡೆಯ ಕಸೂತಿಯನ್ನೇ ನೋಡಿ. ಗುರುತು ಹಾಕಿಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಹೊಲಿಗೆ. ಗವಂತಿ, ಮುರಗಿ, ನೇಯಿಗೆ, ಮೆಂತೆ ಎಂದು ನಾಲ್ಕು ಬಗೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲ ಮನೆಯ ಸುತ್ತ ಕಂಡದ್ದೇ. ಗವಂತಿ ಚೆನ್ನಾಗಿ ಹಾಕಿದ್ದರೆ ಗಂಟು ಕಾಣುವುದಿಲ್ಲ, ಒಳಮೈಯೂ ಹೊರಮೈಯೂ ಒಂದೇ. ಹೊರಗಿನಿಂದ ಬಂದ ಹೆಂಗಸರು ಇದನ್ನು ಹಾಕುವುದು ಎಲ್ಲಿ ನೋಡಬಹುದು ಎಂದು ಆಸೆಯಿಂದ ಕೇಳುತ್ತಾರೆ. ಅಂಗಡಿಯಲ್ಲಿ ಸೀರೆ ಸಿಗುತ್ತದೆ, ಹಾಕಿದ ಕೈ ಕಾಣುವುದಿಲ್ಲ. ಆ ಕೈ ಯಾವುದೋ ಮನೆಯ ನಡುಮನೆಯಲ್ಲಿ ಸಂಜೆ ಬೆಳಕಿಗೆ ಕಣ್ಣು ಸೋಲಿಸಿಕೊಳ್ಳುತ್ತಿರುತ್ತದೆ. ಆಕೆಗೂ ಒಂದು ಜಾಗ, ಒಂದು ಕುರ್ಚಿ, ಹಾಕಿದ ಹೊಲಿಗೆಗೆ ನೇರ ಬೆಲೆ ಸಿಕ್ಕರೆ ಅದೇ ಊರಿನ ದೊಡ್ಡ ಆಕರ್ಷಣೆಯಾದೀತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ರಾಷ್ಟ್ರಧ್ವಜ ತಯಾರಿಸುತ್ತಾರೆ, ನೂಲುವವರು ಹೊಲಿಯುವವರು ಹೆಚ್ಚಾಗಿ ಹೆಂಗಸರೇ. ದೇಶದಲ್ಲೆಲ್ಲ ಹಾರುವ ಬಾವುಟದ ಹಿಂದೆ ನಮ್ಮೂರ ಹೆಂಗಸರ ಕೈ ಇದೆ ಎಂಬುದನ್ನು ನಮ್ಮ ಎಷ್ಟು ಮಕ್ಕಳು ಹೋಗಿ ನೋಡಿದ್ದಾರೆ? ಊರೂ ಕಸೂತಿಯಂತೆ ಇರಬೇಕು. ಒಳಗಿನವರಿಗೆ ಒಂದು ಮುಖ, ಬಂದವರಿಗೆ ಇನ್ನೊಂದು ಮುಖ ಆಗಬಾರದು.

ಇದು ಆಗದ ಮಾತೇನಲ್ಲ. ಸಾಗರದ ಬಳಿಯ ಹೆಗ್ಗೋಡು ಒಂದು ಹಳ್ಳಿ. 1949ರಲ್ಲಿ ನೀನಾಸಂ ಹುಟ್ಟಿತು, 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1991ರಲ್ಲಿ ಕೆ. ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ನಡುವಿನ ಆ ಹಳ್ಳಿಗೆ ನಾಟಕ ಕಲಿಯಲು, ಸಂಸ್ಕೃತಿ ಶಿಬಿರದಲ್ಲಿ ಕೂಡಲು ನಾಡಿನ ಮೂಲೆಮೂಲೆಯ ತರುಣರು ಹೋದರು. ಹೋಗಿ ಬರೀ ನೋಡಲಿಲ್ಲ, ಮಾಡಲು ಅವರಿಗೆ ಕೆಲಸವಿತ್ತು. ಧಾರವಾಡದಲ್ಲೂ 2013ರಲ್ಲಿ ಗಿರಡ್ಡಿ ಗೋವಿಂದರಾಜರ ಮುಂದಾಳುತನದಲ್ಲಿ ಸಾಹಿತ್ಯ ಸಂಭ್ರಮ ನಡೆದಾಗ ದೂರದೂರದ ಊರಿನವರು ಬಂದು ಸಭಾಂಗಣ ತುಂಬಿದ್ದರು. ಅಂದರೆ ಕರೆದರೆ ಬರುವವರಿದ್ದಾರೆ. ಮೂರು ದಿನದ ಸಂಭ್ರಮ ಉಳಿದ ದಿನಗಳಿಗೂ ಹೇಗೆ ಇಳಿಯಬೇಕು ಎಂಬುದೇ ಪ್ರಶ್ನೆ.

ಅದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಓದುವ ಮಕ್ಕಳಿಗೆ ರಾತ್ರಿಯೂ ತೆರೆದಿರುವ ಸಾರ್ವಜನಿಕ ಗ್ರಂಥಾಲಯ, ಅಲ್ಲಿಂದ ಕೋಣೆಯವರೆಗೆ ಉರಿಯುವ ದೀಪ. ಕೆಲಗೇರಿ, ಸಾಧನಕೇರಿ ಕೆರೆಗಳ ಸುತ್ತ ಶುಚಿಯಾದ ದಂಡೆ, ಕೂಡಲು ಕಟ್ಟೆ. ಹಾಡಿನ ಬೈಠಕ್ಕು ರಾತ್ರಿ ಒಂಬತ್ತಕ್ಕೆ ಶುರುವಾಗುವ ಬದಲು ಸಂಜೆ ಐದೂವರೆಗೆ. ಸಭೆಯ ಆಮಂತ್ರಣ ಪತ್ರಿಕೆ ನಿವೃತ್ತರ ಮನೆಗಳಿಗೆ ಹೋಗುವಂತೆ ಸಪ್ತಾಪುರದ ಪಿ.ಜಿ.ಗಳ ಬಾಗಿಲಿಗೂ ಹೋಗಲಿ. ವೇದಿಕೆಯ ಮೇಲೆ ಒಂದು ಕುರ್ಚಿ ಇಪ್ಪತ್ತೈದು ದಾಟದವರಿಗೆ ಮೀಸಲಿರಲಿ. ಇಲ್ಲಿ ಕಲಿತವರಿಗೆ ಇಲ್ಲಿಯೇ ದುಡಿಮೆ ಸಿಗುವಂತೆ ಮಾಡುವುದು ಆಳುವವರ ಹೊಣೆ, ಅದನ್ನು ಕೇಳುವುದು ನಮ್ಮ ಹೊಣೆ. ಸಂಬಳವಿಲ್ಲದ ಊರಿನಲ್ಲಿ ಬರೀ ಸಂಸ್ಕೃತಿಯ ಮೇಲೆ ಯಾರೂ ಸಂಸಾರ ಹೂಡುವುದಿಲ್ಲ. ಆದರೆ ಸಂಬಳವೊಂದೇ ಇದ್ದು ಬೇರೇನೂ ಇಲ್ಲದ ಊರಿನಲ್ಲಿ ನಮ್ಮ ಮಕ್ಕಳು ಎಷ್ಟು ಒಂಟಿಯಾಗಿದ್ದಾರೆಂದು ಭಾನುವಾರದ ಫೋನಿನಲ್ಲಿ ಅವರ ದನಿ ಕೇಳುವ ತಾಯಂದಿರಿಗೆ ಗೊತ್ತು.

ಒಳನಾಡಿನ ಯಾವುದೇ ಊರನ್ನು ಅಳೆಯಲು ನಾನು ಒಂದು ಸಣ್ಣ ಅಳತೆಗೋಲು ಇಟ್ಟುಕೊಂಡಿದ್ದೇನೆ. ಹದಿನೆಂಟರ ಒಬ್ಬ ಹುಡುಗಿ ಸಂಜೆ ಏಳಕ್ಕೆ, ಏನನ್ನೂ ಕೊಳ್ಳದೆ, ಯಾರಿಗೂ ಲೆಕ್ಕ ಕೊಡದೆ, ಒಂದು ತಾಸು ಒಬ್ಬಳೇ ಕೂಡಬಹುದಾದ ಜಾಗ ಆ ಊರಿನಲ್ಲಿ ಇದೆಯೇ? ಕೆರೆಯ ದಂಡೆಯಾಗಲಿ, ಗ್ರಂಥಾಲಯವಾಗಲಿ, ಗುಡಿಯ ಪೌಳಿಯಾಗಲಿ, ಹಾಡು ಕೇಳುವ ಸಭಾಂಗಣವಾಗಲಿ. ಇದೆ ಎನ್ನುವ ಊರಿಗೆ ಅತಿಥಿಗಳು ತಾವಾಗಿ ಬರುತ್ತಾರೆ, ಬಂದ ತರುಣರಲ್ಲಿ ಕೆಲವರಾದರೂ ಉಳಿಯುತ್ತಾರೆ. ಧಾರವಾಡಕ್ಕೆ ಈ ಪರೀಕ್ಷೆಯಲ್ಲಿ ನಾನು ಕೊಡುವುದು ಪಾಸಾಗುವಷ್ಟು ಅಂಕ ಮಾತ್ರ. ಮೊದಲ ದರ್ಜೆ ಅದರ ಕೈಗೆಟುಕದ್ದಲ್ಲ, ಓದಿನ ಕೊರತೆಯೂ ಅದಕ್ಕಿಲ್ಲ. ಹಳೆಯ ಅಂಕಪಟ್ಟಿಯನ್ನು ಎಲ್ಲರಿಗೂ ತೋರಿಸುತ್ತ ಕೂಡುವುದನ್ನು ಬಿಟ್ಟು ಈ ವರ್ಷದ ಪಾಠ ತೆರೆಯಬೇಕು.